ಮೂರು ಮಾರು ದೂರದ ಮಾತ್ರೆ

ಎಂಬತ್ತರ ದಶಕದ ಶುರು. ನನಗೆ ಇಪ್ಪತ್ತೆರಡು. ದಾದಿಯರ ತರಬೇತಿ ಮುಗಿಸಿ ಬಿಳಿಗೆರೆ ಹತ್ತಿರದ ಒಂದು ಹಳ್ಳಿಯ ಉಪಕೇಂದ್ರಕ್ಕೆ ಬಂದಿದ್ದೆ. ಸರ್ಕಾರ ನನಗೆ ಕೊಟ್ಟಿದ್ದು ಒಂದು ಬೋರ್ಡು, ಔಷಧಿ ಪೆಟ್ಟಿಗೆ, ರಕ್ತದೊತ್ತಡ ನೋಡುವ ಯಂತ್ರ. ಕಟ್ಟಡವಿರಲಿಲ್ಲ, ಜಾಗ ನೀವೇ ಹುಡುಕಿಕೊಳ್ಳಿ ಅಂದರು. ಊರಿನ ದೊಡ್ಡ ತೋಟದ ಯಜಮಾನರು ತಮ್ಮ ಮನೆಯ ಹೊರಕೋಣೆ ಬಿಟ್ಟುಕೊಟ್ಟರು. ನನ್ನ ವಾಸವೂ ಅಲ್ಲೇ, ಕೆಲಸವೂ ಅಲ್ಲೇ.

"ಕೇರಿ ಕಡೆ ಮಾತ್ರ ಹೋಗ್ಬ್ಯಾಡ ಕಣಮ್ಮ," ಎಂದರು ಯಜಮಾನರು ಮೊದಲ ದಿನವೇ. "ಅವ್ರೇ ಬತ್ತಾರೆ, ಅಂಗಳದಾಚೆ ನಿಂತ್ಕತಾರೆ. ಅವ್ರನ್ನ ಮುಟ್ಟಿ ಒಳಕ್ಕೆ ಬಂದ್ರೆ ನಮ್ಮನೇಲಿ ನಡ್ಯಾಕಿಲ್ಲ."

ನಾನು ಒಪ್ಪಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ. ಏಳು ತಿಂಗಳು ಒಪ್ಪಿಕೊಂಡೇ ಇದ್ದೆ. ಊರಿನ ಬಸುರಿಯರನ್ನು ಮಂಚದ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಕೇರಿಯವರಿಗೆ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರ ಹೆಸರಿನ ಮುಂದೆಯೂ "ಪರೀಕ್ಷಿಸಲಾಗಿದೆ" ಎಂದೇ ಬರೆಯುತ್ತಿದ್ದೆ.

ಕೇರಿಯವರಲ್ಲಿ ಒಬ್ಬಳು ಆ ಮನೆಗೇ ಕೊಬ್ಬರಿಯ ಚಿಪ್ಪು ಬಿಡಿಸಲು ದಿನಾ ಬರುತ್ತಿದ್ದಳು. ನನ್ನದೇ ವಯಸ್ಸು, ಚೊಚ್ಚಲ ಬಸುರಿ. ಅವಳ ಕೈ ಮುಟ್ಟಿದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಿ ಎಲ್ಲೆಲ್ಲಿಯೋ ದೇವರ ಮುಂದೆ ಕೂರುತ್ತಿತ್ತು. ಅದಕ್ಕೆ ಯಾವ ಮೈಲಿಗೆಯೂ ಇರಲಿಲ್ಲ. ಅವಳ ರಟ್ಟೆಗೆ ನನ್ನ ಯಂತ್ರದ ಪಟ್ಟಿ ಸುತ್ತುವುದಕ್ಕೆ ಇತ್ತು!

"ಕಾಲು ಊದೈತೆ ನರ್ಸಮ್ಮ, ತಲೆ ಸಿಡೀತದೆ," ಎಂದಳು ಒಂದು ದಿನ.

"ಉಪ್ಪು ಕಮ್ಮಿ ತಿನ್ನು," ಎಂದೆ, ಮೂರು ಮಾರು ದೂರದಿಂದ.

ನಾಲ್ಕನೇ ದಿನ ಮಧ್ಯಾಹ್ನ ಅವಳ ಅತ್ತೆ ಓಡಿಬಂದಳು. "ಸೆಟ್ಕೊಂಡವ್ಳೆ ಕಣವ್ವ, ಬಾಯಲ್ಲಿ ನೊರೆ!"

ಆಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇರಿಗೆ ಓಡಿದೆ. ಪಟ್ಟಿ ಸುತ್ತಿ ನೋಡಿದರೆ ಪಾದರಸ ಇನ್ನೂರರ ಹತ್ತಿರ ನಿಂತಿತ್ತು. ಬಸುರಿನಲ್ಲಿ ರಕ್ತದೊತ್ತಡ ಏರಿ ಬರುವ ನಂಜು. ಅವಳು ಅಂಗಳದಾಚೆ ನಿಂತು ಹೇಳಿದ ದಿನವೇ ಮುಟ್ಟಿ ನೋಡಿದ್ದರೆ ತಿಳಿಯುತ್ತಿತ್ತು. ಎತ್ತಿನಗಾಡಿಯಲ್ಲಿ ರಸ್ತೆಗೆ ತಂದು, ಒಂದು ಲಾರಿ ನಿಲ್ಲಿಸಿ ಹತ್ತಿಸಿದೆವು. ತಿಪಟೂರು ಮುಟ್ಟುವ ಮೊದಲೇ ನನ್ನ ತೊಡೆಯ ಮೇಲೆ ಅವಳ ಉಸಿರು ನಿಂತಿತು. ಮಗುವೂ ಉಳಿಯಲಿಲ್ಲ.

ಹಿಂದಿರುಗಿದಾಗ ನನ್ನ ಟ್ರಂಕು, ಪೆಟ್ಟಿಗೆ, ಸರ್ಕಾರದ ಬೋರ್ಡು ಮೂರೂ ಬೀದಿಯಲ್ಲಿದ್ದವು.

"ಮೊದ್ಲೇ ಹೇಳಿದ್ದೆ ತಾನೇ ಕಣಮ್ಮ," ಎಂದರು ಯಜಮಾನರು. ದನಿಯಲ್ಲಿ ಕೋಪವೂ ಇರಲಿಲ್ಲ. ಅದೇ ನನ್ನನ್ನು ಉರಿಸಿತು.

"ನಿಮ್ಮ ಕೊಬ್ಬರಿ ಬಿಡಿಸೋಳು ಸತ್ತೋದ್ಳು ಕಣ್ರೀ!" ಎಂದು ಕೂಗಿದೆ. ಅವರು ಬಾಗಿಲು ಹಾಕಿಕೊಂಡರು.

ಮಾರನೆಯ ದಿನ ಆರೋಗ್ಯ ಕೇಂದ್ರದ ಡಾಕ್ಟರು ಸಾವಿನ ವರದಿಯ ಹಾಳೆಯನ್ನು ನನ್ನ ಮುಂದೆ ತಳ್ಳಿದರು. "ರೋಗಿ ತಡವಾಗಿ ಬಂದಳು ಅಂತ ಬರೀರಿ ಸಿಸ್ಟರ್. ಎಲ್ಲಾ ಕಡೆ ಹಂಗೇ ಬರೆಯೋದು."

"ಅವಳು ದಿನಾ ಬರ್ತಿದ್ದಳು ಸಾರ್. ನಾನೇ ಹತ್ತಿರ ಹೋಗಲಿಲ್ಲ," ಎಂದೆ. ಹಾಗೆಯೇ ಬರೆದೆ. ಉಪಕೇಂದ್ರ ಯಾರ ಮನೆಯಲ್ಲಿದೆಯೋ ಅವರ ಜಾತಿಯೇ ಅದರ ಜಾತಿ, ಸರ್ಕಾರ ತನ್ನದೇ ಸೂರು ಕೊಡದಿದ್ದರೆ ಇನ್ನೂ ಸಾಯುತ್ತಾರೆ ಎಂದೂ ಸೇರಿಸಿದೆ. ಡಾಕ್ಟರು ಬೈದರು. ಆದರೆ ಒಂದಕ್ಷರವನ್ನೂ ತಿದ್ದದೆ ತುಮಕೂರಿನ ಜಿಲ್ಲಾ ಕಚೇರಿಗೆ ಕಳಿಸಿದರು. ಕಾರಣ ಕೇಳಿ ನನಗೆ ಮೆಮೋ ಬಂತು. ಉತ್ತರದಲ್ಲಿ ಅದನ್ನೇ ಮತ್ತೆ ಬರೆದೆ. ಶಾಲೆಯ ಜಗಲಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೆಲಸ ಮಾಡಿದೆ. ಕೇರಿಯ ಪ್ರತಿ ಬಾಗಿಲಿಗೂ ಹೋದೆ.

ಎರಡು ವರ್ಷದ ಮೇಲೆ ರಸ್ತೆ ಪಕ್ಕದ ಸರ್ಕಾರಿ ಜಾಗದಲ್ಲಿ ಕಟ್ಟಡ ಎದ್ದಿತು. ನನಗೊಂದು ವಸತಿ, ಪರೀಕ್ಷೆಗೆ ಎಲ್ಲರಿಗೂ ಒಂದೇ ಮೇಜು. ಊರಿನ ಕೆಲವರು ಆ ಮೇಜು ಹತ್ತಲೊಲ್ಲದೆ ತಿಪಟೂರಿಗೆ ಹೋದರು. ಹೋಗಲಿ, ಅವರಿಗೆ ಹೋಗಲು ಇನ್ನೊಂದು ಜಾಗವಾದರೂ ಇತ್ತು.

ಬಾಗಿಲು ತೆರೆದ ದಿನ ಕೇರಿಯ ಹೆಂಗಸರು ಬಂದು ಬೇಲಿಯಾಚೆಯೇ ನಿಂತರು.

"ಒಳಗೆ ಬನ್ರೀ, ಇದು ಯಾರಪ್ಪನ ಮನೆಯೂ ಅಲ್ಲ!" ಎಂದು ಗದರಿದೆ. ಯಾರೂ ಕದಲಲಿಲ್ಲ.

ಸತ್ತವಳ ಅತ್ತೆ ಎಲ್ಲರಿಗಿಂತ ಮುಂದಿದ್ದಳು. "ಬೈಬ್ಯಾಡ ಕಣವ್ವ," ಎಂದಳು. "ನಮ್ಗೂ ಆಸೆ ಐತೆ. ಕಾಲೇ ಬರಾಕಿಲ್ಲ ಅಂತಾವೆ."

ನನ್ನ ಸಿಟ್ಟನ್ನು ಯಾರ ಮೇಲೆ ಸುರಿಯುತ್ತಿದ್ದೇನೆ ಎಂದು ನಾಚಿಕೆಯಾಯಿತು. ಹೊರಗೆ ಹೋಗಿ ಅವಳ ರಟ್ಟೆ ಹಿಡಿದು ಒಳಗೆ ಕರೆತಂದೆ. ಮಿಕ್ಕವರು ಒಬ್ಬೊಬ್ಬರಾಗಿ ಅವಳ ಹಿಂದೆ ಬಂದರು.