ಹತ್ತಿಯಕ್ಕನ ಅಡುಗೆ ಪೆಟ್ಟಿಗೆ

ಹತ್ತಿಯಕ್ಕ ಹೊಲಿದ ಹಾಸಿಗೆಯಲ್ಲಿ ಸಡಿಲವಾದ ಮೂಲೆಯೊಂದನ್ನು ಹುಡುಕಲು ಹೊರಟವರು ಇನ್ನೂ ಹುಡುಕುತ್ತಲೇ ಇದ್ದಾರೆ. ಹಾಸಿಗೆಯ ನಡುಭಾಗವನ್ನು ಯಾರು ಬೇಕಾದರೂ ತುಂಬಬಹುದು, ಮೂಲೆ ತುಂಬುವವನೇ ಕಸುಬುದಾರ ಎಂದು ಅವಳ ಅಪ್ಪ ಹೇಳಿಕೊಟ್ಟಿದ್ದ. ಹೆಬ್ಬೆರಳಿನಿಂದ ಒತ್ತಿ ಒತ್ತಿ, ದಬ್ಬಣ ಹಾಕುವ ಮೊದಲು ನಾಲ್ಕೂ ಮೂಲೆಗೆ ಒಂದೊಂದು ಗುದ್ದು ಕೊಟ್ಟು ನೋಡುವುದು ಅವಳ ಅಭ್ಯಾಸ. ಒಮ್ಮೆ ಗಿರಾಕಿಯೊಬ್ಬ ತಮಾಷೆಗೆ, "ಈ ಮೂಲೆ ಸ್ವಲ್ಪ ಮೆತ್ತಗಿದೆ ಅಲ್ವಾ ಅಕ್ಕಾ" ಅಂದಿದ್ದಕ್ಕೆ ಹೊಲಿಗೆ ಪೂರ್ತಿ ಬಿಚ್ಚಿ, ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ, ಮತ್ತೆ ಹೊಲಿದು ಕಳಿಸಿದ್ದಳು. ಆ ಮನುಷ್ಯ ಆಮೇಲೆ ತಮಾಷೆ ಮಾಡುವುದನ್ನೇ ಬಿಟ್ಟನಂತೆ.

ಅವಳ ನಿಜವಾದ ಹೆಸರು ಬೀದಿಗೆ ಮರೆತುಹೋಗಿದೆ. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲೆಲ್ಲ ಹತ್ತಿಯ ಎಳೆ ಹಿಡಿದು ಬೆಳ್ಳಗಾಗಿ, ಮಧ್ಯಾಹ್ನದಿಂದೀಚೆಗೆ ಇವಳಿಗೆ ವಯಸ್ಸಾಯಿತೇನೋ ಎಂದು ನೋಡಿದವರಿಗೆ ಅನ್ನಿಸುತ್ತದೆ. ಮುಖ ತೊಳೆದರೆ ಪ್ರಾಯ ವಾಪಸ್ಸು ಬರುತ್ತದೆ.

ಅಪ್ಪ ಮೂಲೆಯ ಜೊತೆಗೆ ಇನ್ನೊಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದ. ಹತ್ತಿಯ ಮೂಟೆ ಬಿಚ್ಚಿದ ಮೇಲೆ, ಕೊನೆಯ ಎಳೆಯನ್ನು ಗುಡಿಸುವ ತನಕ ಆ ಸೂರಿನಡಿ ಬೆಂಕಿ ಹಚ್ಚುವಂತಿಲ್ಲ. ಹಿಂಜಿದ ಹತ್ತಿ ಗಾಳಿಯಲ್ಲೇ ತೇಲುತ್ತಿರುತ್ತದೆ. ಒಂದು ಕಿಡಿ ಸಾಕು. ಮಾರುಕಟ್ಟೆ ರಸ್ತೆಯಲ್ಲಿ ಬಾಡಿಗೆಯ ಶೆಡ್ಡು ಇದ್ದಷ್ಟು ಕಾಲ ಈ ಕಟ್ಟಳೆಯೂ ಅಲ್ಲೇ ಇತ್ತು. ಶೆಡ್ಡಿನ ಯಜಮಾನನಿಗೆ ಜಾಗ ಬೇಕಾಯಿತು. ಹತ್ತಿಯಕ್ಕ ಕೋಲು, ದಬ್ಬಣ, ಅರ್ಧ ಹೊಲಿದ ಹಾಸಿಗೆಯ ಜೊತೆ ಬೀದಿಗೆ ಬಂದು ನಿಂತಳು.

ಆಗ ಮುಂದೆ ಬಂದವಳು ಅತ್ತೆ. "ಹಾಲ್ ಖಾಲಿ ಬಿದ್ದಿದೆಯಲ್ಲ, ಇಲ್ಲೇ ತಂದು ಹಾಕು. ಅಪ್ಪನ ಕಸುಬು, ಬಿಡಬೇಡ" ಅಂದಳು. ಗಂಡ ವ್ಯಾನ್ ಡ್ರೈವರ್; ಒಂದೇ ದಿನದಲ್ಲಿ ಸಾಮಾನೆಲ್ಲ ಮನೆಗೆ ಸಾಗಿಸಿದ. ಮೂಟೆಗಳು ಒಳಗೆ ಬಂದವು, ಅವುಗಳ ಹಿಂದೆಯೇ ಕಟ್ಟಳೆಯೂ ಬಂತು. ಹಾಲಿಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ. ಬೆಳಗ್ಗೆ ಮೂಟೆ ಬಿಚ್ಚಿದರೆ ಒಲೆ ಬಂದ್. ಸಂಜೆ ಗುಡಿಸಿ, ಒರೆಸಿದ ಮೇಲೆಯೇ ಮತ್ತೆ ಕಡ್ಡಿ ಗೀರುವುದು.

ಅತ್ತೆ ಅದುವರೆಗೆ ಆ ಒಲೆಯ ಮುಂದೆಯೇ ಬಾಳಿದವಳು. ಮಧ್ಯಾಹ್ನವೇ ಬೇಳೆಯನ್ನು ಸಣ್ಣ ಉರಿಗೆ ಇಟ್ಟು, ಸೌಟು ಹಿಡಿದು ಕೂತರೆ ಕುದಿಯುವ ಸದ್ದಿನಲ್ಲೇ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದಳು. ಈಗ ಆ ಸೌಟಿಗೆ ದಿನವಿಡೀ ಕೆಲಸವಿಲ್ಲ. ಸಂಜೆ ಒಲೆ ಹಚ್ಚಿ, ಹೆಚ್ಚಿ, ಬೇಯಿಸುವಷ್ಟರಲ್ಲಿ ಎಲ್ಲರ ಹೊಟ್ಟೆಯೂ ಚುರುಗುಟ್ಟುತ್ತಿತ್ತು. ಬೆಳಗ್ಗೆಯೇ ಮಾಡಿಟ್ಟರೆ ಸಂಜೆಗೆ ಗಟ್ಟಿಯಾಗಿ ಪಾತ್ರೆಗೆ ಅಂಟಿಕೊಂಡು ಕೂತಿರುತ್ತಿತ್ತು. ಕೊನೆಗೆ ಗಂಡ ಬರುವ ದಾರಿಯಲ್ಲಿ ಬ್ರೆಡ್ಡು, ಕರಿದ ತಿಂಡಿ ಕಟ್ಟಿಸಿಕೊಂಡು ಬರುವುದು ರೂಢಿಯಾಯಿತು. ಹತ್ತಿಯಕ್ಕನ ಪುಟ್ಟ ಮಗಳಿಗೆ ಎರಡು ದಿನ ಅದು ಹಬ್ಬ, ಮೂರನೆಯ ದಿನ ಹೊಟ್ಟೆನೋವು. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಅವಳ ರವಿಕೆಯ ತೋಳು ಸಡಿಲವಾಗುತ್ತಿರುವುದು ಬಟ್ಟೆ ಹೊಲಿಯುವವಳ ಕಣ್ಣಿಗೆ ಬೀಳದೆ ಇರುತ್ತದೆಯೇ?

ಒಂದು ಸಂಜೆ ಅತ್ತೆ ತಟ್ಟೆಯನ್ನು ನೋಡುತ್ತಲೇ ಹೇಳಿದಳು. "ನನ್ನ ಮಗಳು ಕರೀತಿದ್ದಾಳೆ. ತಿಂಗಳ ಕೊನೆಗೆ ಬಂದು ಕರ್ಕೊಂಡು ಹೋಗ್ತಾಳಂತೆ. ಅಲ್ಲಿ ಒಲೆ ಇದೆ."

ಅವಳು ಕೋಪದಿಂದ ಹೇಳಿದ್ದರೆ ಹತ್ತಿಯಕ್ಕ ಉತ್ತರ ಕೊಡುತ್ತಿದ್ದಳು. ಉತ್ತರ ಕೊಡುವುದರಲ್ಲಿ ಅವಳು ಯಾರಿಗೂ ಕಡಿಮೆಯಿಲ್ಲ. ಅತ್ತೆ ಮೆತ್ತಗೆ ಹೇಳಿದಳು. ತನ್ನ ಕಸುಬು ಉಳಿಸಿದ ಹೆಂಗಸಿನ ಒಲೆಯನ್ನು ತಾನೇ ಆರಿಸಿಬಿಟ್ಟೆನಲ್ಲ ಎಂದು ಹತ್ತಿಯಕ್ಕನಿಗೆ ಸಂಕಟವಾಯಿತು. ಹೋಗಬೇಡಿ ಅನ್ನಬೇಕಿತ್ತು. ಇರಿ ಅನ್ನುವುದಕ್ಕೆ ಮೊದಲು ಕೈಯಲ್ಲಿ ಒಂದು ಬಿಸಿ ಊಟವಾದರೂ ಬೇಡವೇ? ಮರುದಿನ ಅತ್ತೆಯ ಬಟ್ಟೆಗಳು ಮಂಚದ ಪಕ್ಕದ ಚೀಲದೊಳಗೆ ಮಡಿಚಿ ಕೂತವು.

ದಾರಿ ತೋರಿಸಿದ್ದು ಕಳೆದುಹೋದ ಬುತ್ತಿ ಡಬ್ಬಿ. ಬೆಳಗ್ಗೆ ಬಿಸಿ ಅನ್ನ, ಬೇಳೆ ತುಂಬಿಸಿ ಹಾಲ್‌ನಲ್ಲಿ ಎಲ್ಲೋ ಇಟ್ಟಿದ್ದಳು. ಮಧ್ಯಾಹ್ನ ನೋಡಿದರೆ ಇಲ್ಲ. ಡಬ್ಬಿ ಒಯ್ದವನು ಅವನೇ ಎಂದು ಗಂಡ ಚೆನ್ನಾಗಿ ಬೈಸಿಕೊಂಡ, ಅದೂ ಮನೆಯಲ್ಲಿ ಇಲ್ಲದೆಯೇ. ಸಂಜೆ ಹಿಂಜಿದ ಹತ್ತಿಯ ರಾಶಿಯನ್ನು ತಬ್ಬಿ ಎತ್ತುವಾಗ ಅಡಿಯಿಂದ ಡಬ್ಬಿ ಉರುಳಿತು. ಎತ್ತಿಕೊಂಡವಳು ತಟ್ಟನೆ ಕೈಬಿಟ್ಟಳು. ಡಬ್ಬಿ ಇನ್ನೂ ಸುಡುತ್ತಿತ್ತು.

ಅವಳು ಅಲ್ಲೇ ನೆಲದ ಮೇಲೆ ಕೂತು, ಡಬ್ಬಿಯನ್ನೂ ಹತ್ತಿಯನ್ನೂ ಬಹಳ ಹೊತ್ತು ನೋಡಿದಳು. ಒಲೆ ಆರಿಸಿದ್ದು ಇದೇ ಹತ್ತಿ, ಬಿಸಿ ಕಾಯ್ದಿದ್ದೂ ಇದೇ. ಇಷ್ಟು ದಿನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು ನಕ್ಕಳು.

ಅಟ್ಟದ ಮೇಲಿದ್ದ ಮುಚ್ಚಳದ ಹಳೆಯ ಮರದ ಪೆಟ್ಟಿಗೆ ಕೆಳಗಿಳಿಯಿತು. ಅದರ ಗೋಡೆ, ತಳಕ್ಕೆಲ್ಲ ಹತ್ತಿಯ ಹಾಸು ಹೊಲಿದು, ನಡುವೆ ದೊಡ್ಡ ಪಾತ್ರೆ ಕೂರುವಷ್ಟೇ ಗುಳಿ ಬಿಟ್ಟು, ಪಾತ್ರೆಯ ಮೇಲೆ ಮುಚ್ಚಲು ದಪ್ಪನೆಯ ದಿಂಬು ಮಾಡಿದಳು. ನಾಲ್ಕೂ ಮೂಲೆಗೆ ಗುದ್ದು ಕೊಟ್ಟು ನೋಡಿದಳು. ರಾಣಿಯನ್ನೂ ಮಲಗಿಸಬಹುದಾದ ಹಾಸಿಗೆಯಾಯಿತು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಮರುದಿನ ಬೆಳಗ್ಗೆ ಬೇಳೆ, ಗೋಧಿ ನುಚ್ಚು, ಕ್ಯಾರೆಟ್, ಕುಂಬಳಕಾಯಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕೊತಕೊತ ಕುದಿಸಿ, ಬಿಗಿಯಾಗಿ ಮುಚ್ಚಿ, ಒಲೆ ಆರಿಸಿ, ಒಳಗಿನ ಬಿಸಿಯಲ್ಲೇ ಬೇಯಲಿ ಎಂದು ಪಾತ್ರೆಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಆಮೇಲೆ ಮೂಟೆ ಬಿಚ್ಚಿದಳು.

ಸಂಜೆ ತೆಗೆದರೆ ಉಗುರುಬೆಚ್ಚಗಿನ ನೀರಿನಲ್ಲಿ ಬೇಳೆ ಕಲ್ಲಿನಂತೆ ಕೂತಿತ್ತು. ಅದನ್ನು ಚೆಲ್ಲಿ, ಮತ್ತೆ ಬ್ರೆಡ್ಡು ತಿಂದಾಯಿತು. ಹತ್ತಿ ಸಾಲದಾಯಿತೇನೋ ಎಂದು ಇನ್ನಷ್ಟು ತುಂಬಿದಳು. ಮರುದಿನವೂ ಅದೇ ಹಣೆಬರಹ. ಗಂಡ ಬ್ರೆಡ್ಡು ತಿಂದು ಎದ್ದ. ಅತ್ತೆ ಮಾತ್ರ, "ಕೈ ಆಡಿಸದೆ ಅಡುಗೆ ಆಗುತ್ತಾ?" ಎಂದು ಮೂಗು ಮುರಿದಳು.

ಹತ್ತಿಯಕ್ಕನಿಗೆ ಆಗ ಒಂದು ವಿಷಯ ಕಂಡಿತು. ದಿಂಬಿನ ಕೊನೆಯ ಹೊಲಿಗೆಯನ್ನು ಅವಳು ಯಾವಾಗಲೂ ಅಡಿಗೆ ಬರುವಂತೆ ಇಡುವವಳು. ಈಗ ಆ ಹೊಲಿಗೆ ಮೇಲೆ ಮುಖ ಮಾಡಿಕೊಂಡು ಅವಳನ್ನೇ ನೋಡುತ್ತಿತ್ತು. ಮಾರನೆಯ ದಿನ ಕೆಲಸ ಮಾಡುತ್ತಲೇ ಅಡುಗೆಮನೆಯ ಕಡೆ ಒಂದು ಕಣ್ಣಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಅತ್ತೆ ಬೆಕ್ಕಿನ ಹೆಜ್ಜೆಯಲ್ಲಿ ಬಂದಳು, ಪೆಟ್ಟಿಗೆ ತೆರೆದು ದಿಂಬು ಎತ್ತಿದಳು, ಪಾತ್ರೆಯ ಮುಚ್ಚಳ ತೆಗೆದಳು, ಸೌಟು ಹಾಕಿ ಚೆನ್ನಾಗಿ ತಿರುವಿದಳು, ಹಬೆಯೆಲ್ಲ ಹೋದ ಮೇಲೆ ಮುಚ್ಚಿ, ಏನೂ ಆಗದವಳಂತೆ ಹೋದಳು. ಇನ್ನೊಂದಿಷ್ಟು ಹೊತ್ತಿಗೆ ಮತ್ತೆ ಬಂದಳು. ಒಂದು ಜನ್ಮವಿಡೀ ತಿರುವಿದ ಕೈ, ಪಾಪ, ಅದಕ್ಕೆ ಸುಮ್ಮನಿರುವುದು ಗೊತ್ತಿರಲಿಲ್ಲ.

ಆ ಸಂಜೆ ಹತ್ತಿಯಕ್ಕ ಒಳ್ಳೆಯ ನೀಲಿ ಬಟ್ಟೆ ತೆಗೆದು, ಹೊಸ ಹತ್ತಿ ಹಾಕಿ, ಪೆಟ್ಟಿಗೆಯ ಮುಚ್ಚಳಕ್ಕೆ ಸರಿಯಾಗಿ ಒಂದು ಮೆತ್ತೆ ಹೊಲಿದಳು. ಬೆಳಗ್ಗೆ ಪಾತ್ರೆ ಮಲಗಿಸಿ ಅತ್ತೆಯನ್ನು ಕರೆದಳು.

"ಅತ್ತೆ, ಮುಚ್ಚಳ ಬಿಗಿಯಾಗಿ ಕೂರ್ತಿಲ್ಲ. ಮೇಲೆ ಭಾರ ಬೇಕು. ಕಲ್ಲಿಟ್ಟರೆ ಮರ ಬಿರಿಯುತ್ತೆ. ನೀವೇ ಕೂತ್ಕೋಬೇಕು."

"ಕೂತ್ಕೊಂಡು ಏನ್ ಮಾಡಲಿ?"

"ಕೂತ್ಕೊಳ್ಳೋದು, ಅಷ್ಟೇ."

"ಅದು ಸೋಮಾರಿಗಳ ಅಡುಗೆ."

"ಸೋಮಾರಿಗಳ ಕೈಲಿ ಆಗಲ್ಲ ಅತ್ತೆ. ಅವರು ಎದ್ದು ಹೋಗ್ತಾರೆ."

ಅತ್ತೆ ಅನುಮಾನದಿಂದ ಮೆತ್ತೆಯನ್ನು ಒತ್ತಿ ನೋಡಿದಳು. ಕೂತಳು. ತಾನು ಕೂತ ಪೆಟ್ಟಿಗೆಯನ್ನು ತಾನೇ ತೆರೆಯುವುದು ಯಾರಿಂದಲೂ ಸಾಧ್ಯವಿಲ್ಲ. ಸೊಪ್ಪು ಬಿಡಿಸಿದಳು, ಶಾಲೆಯಿಂದ ಬಂದ ಮೊಮ್ಮಗಳ ಮಗ್ಗಿ ಕೇಳಿದಳು, ಬಾಗಿಲಿಗೆ ಬಂದ ಪಕ್ಕದ ಮನೆಯವಳಿಗೆ, "ಏಳಕ್ಕಾಗಲ್ಲಮ್ಮ, ಅಡುಗೆ ಮಾಡ್ತಾ ಇದ್ದೀನಿ" ಎಂದು ಅಲ್ಲಿಂದಲೇ ಹೇಳಿ ಅವಳ ಮುಖ ಪೆಚ್ಚಾಗುವುದನ್ನು ನೋಡಿ ಸಂತೋಷಪಟ್ಟಳು.

ಸಂಜೆ ದಿಂಬು ತೆಗೆದರೆ ಹಬೆ ಮುಖಕ್ಕೇ ಬಂತು. ಬೇಳೆ ಬೆಣ್ಣೆಯಾಗಿತ್ತು, ಕುಂಬಳಕಾಯಿ ಮುಟ್ಟಿದರೆ ಕರಗುತ್ತಿತ್ತು. ಗುಡಿಸಿ, ಒರೆಸಿ, ಒಲೆ ಹಚ್ಚಿ, ಬಿಡಿಸಿದ ಸೊಪ್ಪು ಹಾಕಿ ಒಂದು ಕುದಿ ಬರಿಸಿದ್ದಷ್ಟೇ ಸಂಜೆಯ ಕೆಲಸ. ಹತ್ತಿಯಕ್ಕ ಕಾಲು ಚಾಚಿ ಕೂತು ಎಲ್ಲರಿಗೂ ಬಡಿಸಿದಳು. ಅತ್ತೆ ತಟ್ಟೆ ಮುಂದೆ ಒಡ್ಡಿ ಎರಡನೆಯ ಸಲ ಹಾಕಿಸಿಕೊಂಡಳು. ಹತ್ತಿಯಕ್ಕನ ಎದೆ ಉಬ್ಬಿದ್ದು ಗಂಡನಿಗೂ ಕಂಡಿತು.

ಆಮೇಲೆ ಅತ್ತೆಯನ್ನು ಹಿಡಿಯುವವರಿರಲಿಲ್ಲ. ಗಟ್ಟಿ ತರಕಾರಿ ಅಡಿಗೆ, ಮೆತ್ತನೆಯದು ಮೇಲೆ. ಪಾತ್ರೆ ಕತ್ತಿನವರೆಗೆ ತುಂಬಿರಬೇಕು, ಅರೆಪಾತ್ರೆ ಬೇಗ ತಣಿಯುತ್ತದೆ ಎಂದು ತಾನೇ ಕಂಡುಹಿಡಿದವಳಂತೆ ಸೊಸೆಗೆ ಪಾಠ ಹೇಳತೊಡಗಿದಳು. ಸೊಸೆ ಹೂಂ, ಹೂಂ ಎಂದು ಕೇಳಿದಳು. ಮಗಳ ಹೊಟ್ಟೆನೋವು ಹೋಯಿತು. ರವಿಕೆಯ ತೋಳು ಮತ್ತೆ ತುಂಬಿಕೊಂಡಿತು. ಮಂಚದ ಪಕ್ಕದ ಚೀಲ ಮಾತ್ರ ಇದ್ದಲ್ಲೇ ಇತ್ತು. ಅದರ ಬಗ್ಗೆ ಅತ್ತೆ ಮಾತೆತ್ತಲಿಲ್ಲ. ಹತ್ತಿಯಕ್ಕನೂ ಕೇಳಲಿಲ್ಲ. ಒಬ್ಬರ ಹಠಕ್ಕೆ ಇನ್ನೊಬ್ಬರದು ಸರಿಯಾಗಿತ್ತು.

ತಿಂಗಳ ಕೊನೆಯ ಆ ಬೆಳಗ್ಗೆ ಅತ್ತೆ, "ಇವತ್ತು ಪಾತ್ರೆ ನಾನೇ ಮಲಗಿಸ್ತೀನಿ. ನೀನು ಹೋಗಿ ನಿನ್ನ ಕೆಲಸ ನೋಡ್ಕೋ" ಅಂದಳು. ಹೊರಡುವ ದಿನವಲ್ಲವೇ, ಕೊನೆಯ ಸಲ ತನ್ನ ಕೈಯಾರೆ ಮಾಡಲಿ ಎಂದು ಹತ್ತಿಯಕ್ಕ ಹಾಲಿಗೆ ಹೋದಳು. ಆ ದಿನ ದಬ್ಬಣ ಬಟ್ಟೆಗಿಂತ ಹೆಚ್ಚು ಬೆರಳಿಗೇ ಚುಚ್ಚಿತು.

ಮಧ್ಯಾಹ್ನ ಕಳೆದ ಮೇಲೆ ನಾದಿನಿ ಬಂದಳು. ಊರಿನ ಆ ತುದಿಯಲ್ಲಿ ಅವಳ ಮನೆ. ಒಳ್ಳೆಯ ಹೆಣ್ಣು, ಅಮ್ಮನೆಂದರೆ ಜೀವ. ಅಡುಗೆಮನೆಯ ಬಳಿ ನಿಂತು ನೋಡುತ್ತಾಳೆ: ಒಲೆ ತಣ್ಣಗಿದೆ, ಅಮ್ಮ ಪೆಟ್ಟಿಗೆಯ ಮೇಲೆ ನೆಟ್ಟಗೆ ಕೂತಿದ್ದಾಳೆ.

"ಏಳಮ್ಮ, ಹೊರಡೋಣ."

"ಈಗ ಏಳಕ್ಕಾಗಲ್ಲ. ಅಡುಗೆ ಮಾಡ್ತಾ ಇದ್ದೀನಿ."

ನಾದಿನಿ ಒಲೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಮೆಲ್ಲಗೆ ಹಾಲಿಗೆ ಬಂದು ಹತ್ತಿಯಕ್ಕನ ಕಿವಿಯಲ್ಲಿ ಕೇಳಿದಳು. "ಅತ್ತಿಗೆ, ಅಮ್ಮಂಗೆ ಯಾವಾಗಿಂದ ಹೀಗೆ?"

"ನಂಗೆ ಕಿವಿ ಚೆನ್ನಾಗಿ ಕೇಳುತ್ತೆ" ಎಂದು ಒಳಗಿನಿಂದ ಉತ್ತರ ಬಂತು. "ಸುಮ್ಮನೆ ನಿಂತಿರೋ ಬದಲು ಆ ಹಾಸಿಗೆಯ ಒಂದು ತುದಿ ಹಿಡ್ಕೋ. ನಿಮ್ಮತ್ತಿಗೆ ಬೆಳಗ್ಗಿಂದ ಒಬ್ಬಳೇ ಎಳೀತಿದ್ದಾಳೆ."

ಸಂಜೆ ಕೆಲಸ ಮುಗಿಯಿತು, ನೆಲ ಒರೆಸಿದ್ದಾಯಿತು, ಗಂಡನೂ ಬಂದ. ನಾದಿನಿ ಕೂದಲಿನಿಂದ ಹತ್ತಿಯ ಎಳೆ ಬಿಡಿಸಿಕೊಳ್ಳುತ್ತಾ ಅಮ್ಮನ ಚೀಲವನ್ನು ಎತ್ತಿದಳು. ಎತ್ತಿದ ರಭಸಕ್ಕೆ ಚೀಲ ಹಾರಿಬಂತು. ಅದಕ್ಕೆ ತೂಕವೇ ಇರಲಿಲ್ಲ. ಬಾಯಿ ಬಿಚ್ಚಿದರೆ ಒಳಗೆ ಬರೀ ಹತ್ತಿ.

"ಅಮ್ಮಾ, ನಿನ್ನ ಬಟ್ಟೆಗಳೆಲ್ಲಿ?"

"ಯಾವುದೂ ಬಿಡುವಾಗಿಲ್ಲ. ಕೆಲಸದಲ್ಲಿವೆ" ಎಂದು ಅತ್ತೆ ಎದ್ದು ನಿಂತು, ತಾನೇ ಮುಚ್ಚಳ ಎತ್ತಿ, ದಿಂಬು ತೆಗೆದಳು. ಹಬೆಯ ನಡುವೆ ಪಾತ್ರೆ ಕಂಡಿತು. ಅದರ ಒಂದು ಪಕ್ಕಕ್ಕೆ ಅತ್ತೆಯ ಉಣ್ಣೆಯ ಶಾಲು, ಸ್ವೆಟರ್, ಮದುವೆ ಮನೆಗೆಂದು ಎತ್ತಿಡುತ್ತಿದ್ದ ಒಳ್ಳೆಯ ಬಟ್ಟೆ, ಎಲ್ಲ ಒತ್ತೊತ್ತಾಗಿ ತುಂಬಿಕೊಂಡಿದ್ದವು.

"ಈ ಮೂಲೆ ಸಡಿಲ ಇತ್ತು, ಬಿಸಿ ಹೋಗ್ತಿತ್ತು" ಎಂದಳು ಅತ್ತೆ, ಯಾರ ಮುಖವನ್ನೂ ನೋಡದೆ. "ನಿಮ್ಮತ್ತಿಗೆ ಎಲ್ಲ ಚೆನ್ನಾಗಿ ತುಂಬ್ತಾಳೆ, ಮೂಲೆ ಮಾತ್ರ ಬಿಡ್ತಾಳೆ. ನಾನಿಲ್ದಿದ್ರೆ ಇವರೆಲ್ಲ ಹಸೀ ಬೇಳೆ ತಿನ್ಕೊಂಡಿರ್ಬೇಕು."

ಹತ್ತಿಯಕ್ಕನ ಎದುರಿಗೆ ಮೂಲೆಯ ಮಾತು. ಅವಳು ಬಗ್ಗಿ ನೋಡಿದಳು. ಹಾಸಿನ ಹೊಲಿಗೆಯನ್ನು ಯಾರೋ ಅಚ್ಚುಕಟ್ಟಾಗಿ ಬಿಚ್ಚಿ, ಅವಳು ಗುದ್ದಿ ಗುದ್ದಿ ತುಂಬಿದ್ದ ಹತ್ತಿಯನ್ನು ಹಿಡಿ ಹಿಡಿಯಾಗಿ ಹೊರಗೆಳೆದಿದ್ದರು. ಆ ಹತ್ತಿ ನಾದಿನಿಯ ಕೈಯಲ್ಲಿನ ಚೀಲದಲ್ಲಿತ್ತು. ಅಪ್ಪ ಎಲ್ಲಿದ್ದರೂ ಇದೊಂದನ್ನು ಮನ್ನಿಸಲಿ ಅಂದುಕೊಂಡಳು ಹತ್ತಿಯಕ್ಕ.

"ಹೌದು ಅತ್ತೆ" ಅಂದಳು. "ಮೂಲೆ ಬಿಟ್ಟಿದ್ದೆ. ನಂದೇ ತಪ್ಪು."

"ಗೊತ್ತಾಯ್ತಲ್ಲ, ತಟ್ಟೆ ಹಾಕು" ಎಂದಳು ಅತ್ತೆ. ನಾದಿನಿ ಖಾಲಿ ಚೀಲದಂತೆ ಅಲ್ಲೇ ಕುಸಿದು ಕೂತು ನಗತೊಡಗಿದಳು. ಆಮೇಲೆ ಅವಳೂ ಎರಡು ಸಲ ಹಾಕಿಸಿಕೊಂಡಳು.

ಇವತ್ತಿಗೂ ಹತ್ತಿಯಕ್ಕನ ಹಾಸಿಗೆಯಲ್ಲಿ ಸಡಿಲವಾದ ಮೂಲೆ ಸಿಗುವುದಿಲ್ಲ. ಮನೆಯೊಳಗಿನ ಆ ಪೆಟ್ಟಿಗೆಯಲ್ಲಿ ಒಂದಿದೆ. ಅದನ್ನು ಅವಳು ತುಂಬಿಸಿಲ್ಲ. ಪ್ರತಿ ಬೆಳಗ್ಗೆ ಅತ್ತೆಯ ಶಾಲು ಅಲ್ಲಿ ಹೋಗಿ ಕೂರುತ್ತದೆ, ಅದರ ಮೇಲೆ ಅತ್ತೆ ಕೂರುತ್ತಾಳೆ.