ನಾನು ಅಳಿಸಿದ ಮಾತು

ತೊಂಬತ್ತರ ದಶಕದಲ್ಲಿ, ಧಾರವಾಡದಿಂದ ಬಂದ ಹೊಸತರಲ್ಲಿ, ಲಂಡನ್ನಿನ ವೆಂಬ್ಲಿಯ ಹತ್ತಿರ ಒಂದು ಲೈಬ್ರರಿಯಲ್ಲಿ ನನಗೆ ಕೆಲಸ ಸಿಕ್ಕಿತು. ವಾಪಸು ಬಂದ ಪುಸ್ತಕಗಳಲ್ಲಿ ಓದುಗರು ಗೀಚಿದ್ದನ್ನು ರಬ್ಬರಿನಿಂದ ಅಳಿಸುವುದೂ ನನ್ನ ಪಾಲಿಗೆ ಬಂದಿತ್ತು. ಒಂದು ಹಳೆಯ ರಾಜಕೀಯ ಪುಸ್ತಕದಲ್ಲಿ ಮಾತ್ರ ಒಂದೇ ಪುಟದ ಅಂಚಿನಲ್ಲಿ ‘ಇದು ಸುಳ್ಳು’ ಎಂಬ ಬರಹ ಮತ್ತೆ ಮತ್ತೆ ಕಾಣಿಸುತ್ತಿತ್ತು, ಕೆಳಗೊಂದು ಸಹಿ. ಯಾರೋ ತಲೆಕೆಟ್ಟವರು ಎಂದುಕೊಂಡು ಪ್ರತಿ ಸಲವೂ ಅಳಿಸುತ್ತಿದ್ದೆ.

ಅದನ್ನು ಬರೆಯುತ್ತಿದ್ದವರು ಆ ಪುಸ್ತಕದ ಲೇಖಕರೇ ಎಂದು, ಒಂದು ಮಂಗಳವಾರ ಅದನ್ನು ವಾಪಸು ಕೊಡಲು ಬಂದವರನ್ನೇ ಕೇಳಿದಾಗ ತಿಳಿಯಿತು. ಎಂಬತ್ತು ದಾಟಿದ ಮುದುಕರು. ಹರೆಯದಲ್ಲಿ ಗೆಳೆಯನ ಜೊತೆ ಸೇರಿ ತಮ್ಮ ದೇಶದ ಕಮ್ಯುನಿಸ್ಟ್ ಪಕ್ಷ ಕಟ್ಟಿದ್ದರಂತೆ. ಅಧಿಕಾರಕ್ಕೆ ಬಂದ ಮೇಲೆ ಪಕ್ಷ ಆ ಗೆಳೆಯನನ್ನೇ ಗೂಢಚಾರನೆಂದು ಹಿಡಿಯಿತು. ಹೌದು, ಅವನು ದ್ರೋಹಿ ಎಂದು ಇವರು ಬರೆದುಕೊಟ್ಟರು; ಈ ಪುಸ್ತಕದ ಆ ಪುಟದಲ್ಲಿದ್ದದ್ದೂ ಅದೇ ಮಾತು. ಪಕ್ಷದವರು ಅವನನ್ನು ಗುಂಡಿಟ್ಟು ಕೊಂದರು. ಮುಂದೆ ಇವರನ್ನೂ ಪಕ್ಷ ಹೊರಹಾಕಿದಾಗ ಲಂಡನ್ನಿಗೆ ಓಡಿಬಂದರು.

“ಬರೆಯುವಾಗಲೇ ಸುಳ್ಳೆಂದು ಗೊತ್ತಿತ್ತು,” ಎಂದರು. “ಅವನ ಮಗಳು ಈ ಊರಿನಲ್ಲಿದ್ದಾಳೆ. ನಾನಾಗಿ ಅವಳ ಮುಂದೆ ಹೋಗಿ ನಿಲ್ಲಲಾರೆ. ಎಂದಾದರೂ ಅವಳು ಇದನ್ನು ಓದಬಹುದು. ದಯವಿಟ್ಟು ಅಳಿಸಬೇಡಿ.”

ಪೆನ್ನಿನಲ್ಲಿ ಬರೆದರೆ ಪುಸ್ತಕವನ್ನೇ ಎಸೆದುಬಿಡುತ್ತಾರೆ ಎಂಬ ಭಯ ಅವರಿಗೆ. ಮೇಲಧಿಕಾರಿಯನ್ನು ಕೇಳಿದೆ, ಬರೆದವರು ಯಾರೇ ಇರಲಿ, ಅಳಿಸಲೇಬೇಕು ಎಂದಳು. ಮನೆಯಲ್ಲಿ ಗಂಡ, “ಆ ಮುದುಕರ ಸಲುವಾಗಿ ನೌಕರಿ ಯಾಕ ಕಳಕೋತೀ? ಹೇಳಿದಷ್ಟ ಮಾಡು,” ಎಂದರು. ನಾನು ಅಳಿಸುತ್ತಲೇ ಹೋದೆ. ಅವರೂ ಬಿಡಲಿಲ್ಲ. ಅಕ್ಷರ ಸೊಟ್ಟಗಾದಂತೆಲ್ಲ ಪೆನ್ಸಿಲನ್ನು ಇನ್ನಷ್ಟು ಒತ್ತಿ ಬರೆಯುತ್ತಿದ್ದರು.

ಒಂದು ಚಳಿಗಾಲ ಅವರ ಪುಸ್ತಕಗಳನ್ನು ಪಕ್ಕದ ಫ್ಲಾಟಿನಾಕೆ ತಂದುಕೊಟ್ಟಳು. ಅವರಿಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾರೆ, ಮಾತು ಹೋಗಿದೆ ಎಂದಳು. ಆ ಸಲವೂ ಅಳಿಸಿಯೇ ಪುಸ್ತಕವನ್ನು ಕಪಾಟಿಗೆ ಸೇರಿಸಿದೆ.

ಮುಂದಿನ ವಾರ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅದೇ ಪುಸ್ತಕ ಕೇಳಿಕೊಂಡು ಬಂದಳು. ಕಿಟಕಿಯ ಬಳಿ ಕೂತು ಓದುತ್ತಿದ್ದವಳು ನಾನು ಅಳಿಸಿದ್ದ ಪುಟವನ್ನೇ ತೆರೆದಿಟ್ಟುಕೊಂಡಿದ್ದಳು. ಹತ್ತಿರ ಹೋದೆ. ಆ ಪುಟದಲ್ಲಿದ್ದದ್ದು ತನ್ನ ತಂದೆಯ ಹೆಸರು ಎಂದಳು. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ.

“ಅಳಿಸಿದ್ದು ನೀವಾ?” ಎಂದು ಕೇಳಿದಳು.

“ನಾನೇ.”

ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕಾಗದದಲ್ಲಿ ಉಳಿದ ತಗ್ಗುಗಳನ್ನು ತೋರಿಸಿದೆ. ಅವಳು ಬೆರಳಾಡಿಸಿ ನೋಡಿದಳು. ಆಸ್ಪತ್ರೆ ಯಾವುದು ಎಂದಷ್ಟೇ ಕೇಳಿದಳು.

ಎರಡು ದಿನ ಬಿಟ್ಟು ಫೋನ್ ಮಾಡಿದಳು. ಮುದುಕರ ಪಕ್ಕ ಕೂತು ತನ್ನ ತಂದೆಯ ಹೆಸರು ಹೇಳಿದಳಂತೆ. ಕಣ್ಣುಗಳು ತೆರೆದೇ ಇದ್ದವು, ಆದರೆ ಅವರಿಗೆ ತಿಳಿಯಿತೋ ಇಲ್ಲವೋ ಗೊತ್ತಾಗಲಿಲ್ಲವಂತೆ. ಆ ಶನಿವಾರ ಅವರು ತೀರಿಕೊಂಡರು.