ಕರಣೆ ಹಿಡಿದವಳು

ರಾಜಾಜಿನಗರ ಆಗಷ್ಟೇ ಬಡಾವಣೆಯಾಗುತ್ತಿತ್ತು. ಅಲ್ಲಿ ನಮ್ಮ ಮನೆ ಕಟ್ಟುವಾಗ ಗಾರೆ ಹೊರಲು ಸುಂಕದಕಟ್ಟೆಯಿಂದ ನಡೆದು ಬರುತ್ತಿದ್ದವಳು ಆಕೆ. ಹೆಂಗಸರು ಬಾಂಡ್ಲಿ ಹೊರಬೇಕು, ಕರಣೆ ಹಿಡಿದು ಇಟ್ಟಿಗೆ ಕಟ್ಟುವವರು ಗಂಡಸರು. ಅದು ಆ ಕೆಲಸದ ಕಟ್ಟಳೆ. ಆಕೆ ಮಾತ್ರ ಗಾರೆ ಸುರಿದು ಅಲ್ಲೇ ನಿಂತು ಮೇಸ್ತ್ರಿಯ ಕೈಯನ್ನೇ ನೋಡುತ್ತಿದ್ದಳು. ಬೈದರೆ, "ನೋಡಿದ್ರೆ ನಿಮ್ ಕೈ ಸವೀತದಾ?" ಎನ್ನುತ್ತಿದ್ದಳು. ನನ್ನ ಹತ್ತಿರ ಮಾತ್ರ, "ಹೊತ್ತಿದ್ದು ಸಾಕು ಕಣವ್ವಾ, ನಂಗೆ ಕಟ್ಬೇಕು," ಅಂದಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಎದೆಮಟ್ಟ ಎದ್ದಿದ್ದ ಹಿತ್ತಲ ಗೋಡೆಯ ಮೇಲೆ ತಾನೇ ಎರಡು ವರಸೆ ಇಟ್ಟಿಗೆ ಕಟ್ಟಿಬಿಟ್ಟಳು.

ಮೇಸ್ತ್ರಿ ಕೆಂಡವಾದ. "ಹೆಂಗಸು ಕಟ್ಟಿದ್ ಗೋಡೆ ನಿಲ್ತದಾ? ಈಗ್ಲೇ ಕೆಡವ್ತೀನಿ!"

"ಕೆಡವಿ. ಮೊದ್ಲು ತೂಕದ್ ಗುಂಡು ಬಿಟ್ಟು ನೋಡಿ."

ನಮ್ಮಪ್ಪನೂ ಅಲ್ಲೇ ನಿಂತಿದ್ದರು. ಮೇಸ್ತ್ರಿ ವಿಧಿಯಿಲ್ಲದೆ ದಾರ ಕಟ್ಟಿದ ಗುಂಡನ್ನು ಗೋಡೆಗೆ ಇಳಿಬಿಟ್ಟ. ಗೋಡೆ ಕೂದಲೆಳೆಯಷ್ಟೂ ವಾಲಿರಲಿಲ್ಲ. ದಾರ ಸುತ್ತಿಕೊಳ್ಳುತ್ತಾ ಆತ, "ಸಾಕು, ಹೋಗು. ಬಾಂಡ್ಲಿ ಎತ್ತು," ಅಂದ.

ಆಕೆ ಬಾಂಡ್ಲಿ ಎತ್ತಿದಳು. ಗೋಡೆಯ ಬುಡಕ್ಕೆ ತಂದು ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು, ಮೇಸ್ತ್ರಿಯ ಕಡೆ ಕೈ ಚಾಚಿದಳು.

"ಇಟ್ಟಿಗೆ ಕೊಡಿ. ನಿಮ್ ಕೈ ಸವೆಯಲ್ಲ."